ದಡದ ಮೇಲೆ ನಡೆಸಿದ ಎಂಜಿನು: ಜೆಟ್ ದೋಣಿಯ ಚರಿತ್ರೆಯಲ್ಲಿ ಒಂದು ಉಪೇಕ್ಷಿತ ಪ್ರಕರಣ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತಾರೆ. ಈ ಯಂತ್ರವನ್ನು ಮೊದಲು ನಿರ್ಮಿಸಿದವರು ಯಾರು? ಅದರಿಂದ ಮೊದಲು ಸಾಧಿತವಾದದ್ದು ಏನು? ಮೂರನೆಯ ಪ್ರಶ್ನೆಯೊಂದು ಉಂಟು. ಅದನ್ನು ಕೇಳುವವರು ವಿರಳ. ಆ ಯಂತ್ರವನ್ನು ದಿನದಿನವೂ ಕೆಲಸಕ್ಕೆ ಯೋಗ್ಯವಾಗಿ ಇಟ್ಟುಕೊಂಡವರು ಅದನ್ನು ಹೇಗೆ ಸಾಧಿಸಿದರು ಎಂಬುದೇ ಆ ಪ್ರಶ್ನೆ. ನಿರ್ಮಾಣವು ಒಮ್ಮೆ ಆಗತಕ್ಕದ್ದು, ಪಾಲನೆ ಅನುದಿನವೂ ಆಗತಕ್ಕದ್ದು. ಆದರೂ ಚರಿತ್ರೆಯ ಪುಟಗಳಲ್ಲಿ ನಿರ್ಮಾಣಕ್ಕೆ ದೊರೆತ ಸ್ಥಳದ ಶತಾಂಶವೂ ಪಾಲನೆಗೆ ದೊರೆತಿಲ್ಲ. ಈ ಮಾತನ್ನು ಜೆಟ್ ದೋಣಿಯ ನಿದರ್ಶನದಿಂದ ವಿಶದಪಡಿಸಬೇಕೆಂಬುದು ನಮ್ಮ ಉದ್ದೇಶ. ನೀರಿನಲ್ಲಿಯೇ ಬಾಳತಕ್ಕ ಈ ಯಂತ್ರವನ್ನು ನೀರಿನ ಹೊರಗೆ, ದಡದ ಮೇಲೆ, ನಡೆಸಿ ಸರಿಪಡಿಸುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬ ಸಣ್ಣ ಪ್ರಶ್ನೆಯನ್ನು ಹಿಡಿದು ಹೊರಟರೆ, ಆ ದೋಣಿಯ ಸ್ವರೂಪವೂ ಅದರ ಇತಿಹಾಸವೂ ಹೊಸ ಬೆಳಕಿನಲ್ಲಿ ಕಾಣುತ್ತವೆ.

ಜೆಟ್ ದೋಣಿಯ ತತ್ತ್ವ ಸರಳವಾದುದು. ದೋಣಿಯ ತಳದಲ್ಲಿರುವ ಕಂಡಿಯಿಂದ ಪಂಪು ನೀರನ್ನು ಒಳಕ್ಕೆ ಸೆಳೆದುಕೊಂಡು, ಹಿಂಭಾಗದ ಕೊಳವೆಯ ಮೂಲಕ ರಭಸದಿಂದ ಹೊರಕ್ಕೆ ಚಿಮ್ಮುತ್ತದೆ; ಆ ಚಿಮ್ಮುವಿಕೆಯ ಪ್ರತಿಕ್ರಿಯೆಯಿಂದ ದೋಣಿ ಮುಂದೆ ಸಾಗುತ್ತದೆ. ಈ ಆಲೋಚನೆ ಹಳೆಯದು. 1661ರಲ್ಲಿಯೇ ಇಂಗ್ಲೆಂಡಿನಲ್ಲಿ ಟೂಗುಡ್ ಮತ್ತು ಹೇಯ್ಸ್ ಎಂಬಿಬ್ಬರು ಇಂಥ ಉಪಾಯಕ್ಕೆ ಪೇಟೆಂಟು ಪಡೆದಿದ್ದರು. 1787ರ ಡಿಸೆಂಬರಿನಲ್ಲಿ ಅಮೆರಿಕದ ಜೇಮ್ಸ್ ರಮ್ಸೆಯವರು ಶೆಪರ್ಡ್ಸ್‌ಟೌನ್ ಎಂಬ ಊರಿನ ಬಳಿ ಪೊಟೋಮ್ಯಾಕ್ ನದಿಯಲ್ಲಿ ಉಗಿಯ ಪಂಪಿನಿಂದ ನೀರು ಚಿಮ್ಮಿಸಿ ದೋಣಿಯನ್ನು ಪ್ರವಾಹಕ್ಕೆ ಎದುರಾಗಿ ನಡೆಸಿ ತೋರಿದರು. 1866ರಲ್ಲಿ ಬ್ರಿಟಿಷ್ ನೌಕಾಪಡೆ ವಾಟರ್‌ವಿಚ್ ಎಂಬ ಕವಚದ ನೌಕೆಯಲ್ಲಿ ರುತ್ವೆನ್ನರ ಪದ್ಧತಿಯನ್ನು ಅಳವಡಿಸಿ, ಪ್ರೊಪೆಲ್ಲರಿನಿಂದ ನಡೆಯುವ ನೌಕೆಗಳೊಡನೆ ಹೋಲಿಸಿ ಪರೀಕ್ಷಿಸಿತು. ಜಲಧಾರೆಯ ಪದ್ಧತಿ ಪ್ರೊಪೆಲ್ಲರನ್ನು ಮೀರಿಸಲಿಲ್ಲ. ಆಳವಾದ ಸಮುದ್ರದಲ್ಲಿ ಪ್ರೊಪೆಲ್ಲರಿನದೇ ಗೆಲುವಾಯಿತು.

ಆಳವಿಲ್ಲದ ನದಿಯಲ್ಲಿ ತೀರ್ಪು ಬೇರೆಯಾಗತಕ್ಕದ್ದೆಂಬುದನ್ನು ಕಾರ್ಯತಃ ತೋರಿಸಿಕೊಟ್ಟವರು ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್. 1899ರಲ್ಲಿ ಜನಿಸಿದ ಇವರು 1921ರಲ್ಲಿ ಮೆಕೆಂಜಿ ಪ್ರಾಂತದ ಐರಿಷ್‌ಮನ್ ಕ್ರೀಕ್ ಎಂಬ ಕುರಿಸಾಕಣೆಯ ವಿಶಾಲ ಭೂಮಿಯನ್ನು ಕೊಂಡರು. ಅಲ್ಲಿಯೇ ಕಮ್ಮಟವನ್ನು ಕಟ್ಟಿ, ತೊರೆಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿಕೊಂಡು, ಮಣ್ಣೆತ್ತುವ ಯಂತ್ರಗಳನ್ನು ತಯಾರಿಸಿದರು. ಮೋಟಾರು ಪಂದ್ಯಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಅವರ ಸುತ್ತಣ ನದಿಗಳು ಹಿಮಪರ್ವತಗಳಿಂದಿಳಿದು, ಕಲ್ಲುಗುಂಡುಗಳ ನಡುವೆ ಹಲವು ಕವಲಾಗಿ, ಮೊಣಕಾಲೆತ್ತರವೂ ಇಲ್ಲದೆ ಹರಿಯುವಂಥವು. ಅಲ್ಲಿ ಪ್ರೊಪೆಲ್ಲರು ಕಲ್ಲಿಗೆ ತಗಲಿ ಮುರಿಯುವುದು ನಿಶ್ಚಿತ. 1950ರ ದಶಕದ ಆದಿಯಲ್ಲಿ ಅವರು ಅಮೆರಿಕದ ಹ್ಯಾನ್ಲಿ ಹೈಡ್ರೋಜೆಟ್ಟಿನ ಮಾದರಿಯಿಂದ ಪ್ರಯೋಗಗಳನ್ನು ಆರಂಭಿಸಿದರು. ಆ ಮಾದರಿಯಲ್ಲಿ ನೀರು ದೋಣಿಯ ತಳದ ಕೆಳಗೆ ಚಿಮ್ಮುತ್ತಿತ್ತು. ಚಿಮ್ಮುವ ಬಾಯನ್ನು ಹಿಂಗೋಡೆಯ ಮೂಲಕ ನೀರಿನ ಮಟ್ಟಕ್ಕಿಂತ ಮೇಲಕ್ಕೆ ತಂದದ್ದು ನಿರ್ಣಾಯಕವಾದ ಬದಲಾವಣೆ. ವೇಗ ಹೆಚ್ಚಿತು, ದೋಣಿಯ ಕೆಳಗೆ ಚಾಚಿಕೊಂಡಿರುವ ಭಾಗವೇ ಇಲ್ಲವಾಯಿತು. ಅನಂತರ ಅವರ ಸಂಸ್ಥೆಯಲ್ಲಿ ಜಾರ್ಜ್ ಡೇವಿಸನ್ ಮೊದಲಾದ ಎಂಜಿನಿಯರುಗಳು ಪಂಪನ್ನು ಮತ್ತಷ್ಟು ಸುಧಾರಿಸಿದರು. ಜಲಧಾರೆಯ ತತ್ತ್ವವನ್ನು ತಾವು ಕಂಡುಹಿಡಿದುದಾಗಿ ಹ್ಯಾಮಿಲ್ಟನ್ನರು ಎಂದೂ ಹೇಳಿಕೊಳ್ಳಲಿಲ್ಲ. ಆ ಕೀರ್ತಿಯನ್ನು ಪರಿಹಾಸದ ಧಾಟಿಯಲ್ಲಿ ಆರ್ಕಿಮಿಡೀಸನಿಗೇ ಒಪ್ಪಿಸುತ್ತಿದ್ದರು. 1974ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1978ರಲ್ಲಿ ಅವರು ಕಾಲವಾದರು.

ಇಷ್ಟು ಸಾಮಾನ್ಯವಾಗಿ ತಿಳಿದಿರುವ ಕಥೆ. ನಮ್ಮ ಪ್ರಶ್ನೆ ಇಲ್ಲಿಂದ ಮುಂದಕ್ಕೆ ಆರಂಭವಾಗುತ್ತದೆ.

ಈ ದೋಣಿಗಳಲ್ಲಿ ಕೂಡಿಸಿದವು ಬಹುಮಟ್ಟಿಗೆ ಮೋಟಾರು ಗಾಡಿಯ ಎಂಜಿನುಗಳು. ಗಾಡಿಯ ಎಂಜಿನನ್ನು ಕಮ್ಮಟದಲ್ಲಿ ನಿಲ್ಲಿಸಿ ನಡೆಸುವುದು ಸುಲಭ. ಅದಕ್ಕೆ ತನ್ನದೇ ಆದ ರೇಡಿಯೇಟರು ಉಂಟು, ಗೇರನ್ನು ತಪ್ಪಿಸಿ ಚಕ್ರಗಳನ್ನು ನಿಲ್ಲಿಸಿಡುವ ಸೌಕರ್ಯವೂ ಉಂಟು. ಜೆಟ್ ದೋಣಿಯಲ್ಲಿ ಇವೆರಡೂ ಸಾಮಾನ್ಯವಾಗಿ ಇಲ್ಲ. ಎಂಜಿನನ್ನು ತಂಪುಗೊಳಿಸುವ ನೀರು, ಪಂಪು ನದಿಯಿಂದ ಸೆಳೆದ ನೀರಿನದೇ ಒಂದು ಪಾಲು. ದೋಣಿ ದಡದಲ್ಲಿದ್ದರೆ ಆ ಪಾಲು ಬರುವುದಿಲ್ಲ; ಎಂಜಿನು ಸ್ವಲ್ಪ ಕಾಲದಲ್ಲಿಯೇ ಕಾಯುತ್ತದೆ, ಹೊಗೆ ಹೊರಹೋಗುವ ರಬ್ಬರು ಕೊಳವೆಗಳು ತಂಪು ನೀರಿಲ್ಲದೆ ಸುಡುತ್ತವೆ. ಇದು ಮೊದಲನೆಯ ತೊಡಕು.

ಎರಡನೆಯ ತೊಡಕು ಪಂಪಿನದು. ಅನೇಕ ದೋಣಿಗಳಲ್ಲಿ ಎಂಜಿನಿಗೂ ಪಂಪಿಗೂ ನಡುವೆ ಬಿಡಿಸುವ ಗೇರು ಇರುವುದಿಲ್ಲ. ಚಿಮ್ಮಿದ ಧಾರೆಯನ್ನು ಹಿಂಬದಿಯ ಬೋಗುಣಿಯಂಥ ಅಡ್ಡತಡೆಯಿಂದ ತಿರುಗಿಸಿ ದೋಣಿಯನ್ನು ನಿಲ್ಲಿಸುವುದೂ ಹಿಂದೆ ಸರಿಸುವುದೂ ಸಾಧ್ಯವಾದ್ದರಿಂದ ಅಂಥ ಗೇರಿನ ಅಗತ್ಯವೇ ಬೀಳಲಿಲ್ಲ. ಆದುದರಿಂದ ಎಂಜಿನು ತಿರುಗಿದಷ್ಟು ಹೊತ್ತೂ ಪಂಪು ತಿರುಗಲೇಬೇಕು. ಪಂಪಿನ ದಂಡದ ಹಿಂತುದಿಯನ್ನು ಹಿಡಿದಿರುವುದು ಸಾಮಾನ್ಯವಾಗಿ ಒಳಗೆ ಗೀರುಗಳುಳ್ಳ ರಬ್ಬರಿನ ಬೇರಿಂಗು. ಇದಕ್ಕೆ ಎಣ್ಣೆಯಿಲ್ಲ, ನೀರೇ ಎಣ್ಣೆ. ನೀರಿರುವಾಗ ಮರಳು ಸೇರಿದರೂ ಗೀರುಗಳ ಮೂಲಕ ತೊಳೆದುಹೋಗಿ ಬಹುಕಾಲ ಬಾಳುವ ಈ ಬೇರಿಂಗು, ಒಣಗಿದ ಸ್ಥಿತಿಯಲ್ಲಿ ವೇಗವಾಗಿ ತಿರುಗಿಸಿದರೆ ಉಜ್ಜಿ ಕಾದು ಬೇಗ ಕೆಡುತ್ತದೆ. ದಂಡವು ದೋಣಿಯೊಳಕ್ಕೆ ಬರುವೆಡೆ ಸುತ್ತಿದ ಹುರಿಯ ಬಿಗಿತಡೆ ಇದ್ದರೆ ಅದಕ್ಕೂ ಇದೇ ಗತಿ.

ಮೂರನೆಯ ತೊಡಕು ಎಲ್ಲಕ್ಕಿಂತ ಸೂಕ್ಷ್ಮವಾದುದು. ಪಂಪು ಹೀರುವ ಶಕ್ತಿ ಅದರ ವೇಗದ ಘನದಂತೆ ಏರುತ್ತದೆ. ನಿಮಿಷಕ್ಕೆ 4000 ಸುತ್ತಿನಲ್ಲಿ 200 ಅಶ್ವಶಕ್ತಿಯನ್ನು ಬೇಡುವ ಪಂಪು 2000 ಸುತ್ತಿನಲ್ಲಿ ಬೇಡುವುದು ಅದರ ಎಂಟನೆಯ ಒಂದು ಪಾಲು, ಎಂದರೆ ಸುಮಾರು 25 ಅಶ್ವಶಕ್ತಿ. ದಡದ ಮೇಲಾದರೋ ಪಂಪಿನ ಚಕ್ರ ತಿರುಗುವುದು ಗಾಳಿಯಲ್ಲಿ. ಗಾಳಿಯ ಸಾಂದ್ರತೆ ನೀರಿನದರ ಸುಮಾರು 800ನೆಯ ಒಂದು ಭಾಗ ಮಾತ್ರ. ಆದ್ದರಿಂದ ಅದೇ 4000 ಸುತ್ತಿಗೆ ಗಾಳಿ ಒಡ್ಡುವ ತಡೆ ಕಾಲು ಅಶ್ವಶಕ್ತಿಯಷ್ಟು. ಹೊರೆಯಿಲ್ಲದ ಎಂಜಿನು ಥ್ರಾಟಲನ್ನು ತುಸು ತೆರೆದರೂ ಹುಚ್ಚು ಹೋರಿಯಂತೆ ಮಿತಿಮೀರಿ ಓಡುತ್ತದೆ. ಹಾಗೆ ಓಡಿದ ಎಂಜಿನು ತನ್ನ ಸಾಮರ್ಥ್ಯದ ವಿಷಯವಾಗಿ ನಮಗೆ ಹೇಳುವುದು ಏನೂ ಇಲ್ಲ.

ಈ ಮೂರನೆಯ ತೊಡಕು ಹೊಸದಲ್ಲ. ಹಡಗು ಚಲಿಸದೆ ಹಡಗಿನ ಎಂಜಿನನ್ನು ಅಳೆಯುವುದು ಹೇಗೆಂಬ ಸಮಸ್ಯೆಯನ್ನು ಇಂಗ್ಲೆಂಡಿನ ವಿಲಿಯಂ ಫ್ರೂಡ್ 1870ರ ದಶಕದಲ್ಲಿಯೇ ಎದುರಿಸಿದ್ದರು. ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಸಾಧನ ಆಗ ಇತ್ತು. ಪ್ರೊಪೆಲ್ಲರಿಗೆ ನಿಜವಾಗಿ ತಲಪಿದ ಶಕ್ತಿಯನ್ನು ಅಳೆಯುವ ತೃಪ್ತಿಕರ ಸಾಧನವಿರಲಿಲ್ಲ. 1877ರಲ್ಲಿ ಅವರು ವಿವರಿಸಿದ ಉಪಕರಣದಲ್ಲಿ ಪ್ರೊಪೆಲ್ಲರಿನ ಸ್ಥಾನದಲ್ಲಿ ನೀರು ತುಂಬಿದ ಪೆಟ್ಟಿಗೆಯೊಂದು ಇರುತ್ತದೆ. ಒಳಗೆ ತಿರುಗುವ ಬಟ್ಟಲುಗಳುಳ್ಳ ಚಕ್ರ ನೀರನ್ನು ಸುಳಿಸುಳಿಯಾಗಿ ಕಲಕುತ್ತದೆ. ಆ ಕಲಕಾಟವೇ ಎಂಜಿನಿಗೆ ಹೊರೆಯಾಗುತ್ತದೆ. ಹೊರಗಿನ ಪೆಟ್ಟಿಗೆ ತಿರುಗಲು ಹವಣಿಸುವ ಬಲವನ್ನು ಸನ್ನೆಯ ಮೇಲೆ ತೂಗಿ ಶಕ್ತಿಯನ್ನು ಲೆಕ್ಕಹಾಕಬಹುದು. ಮುಂದೆ ಆಸ್ಬರ್ನ್ ರೆನಾಲ್ಡ್ಸ್ ಅವರು ಇದನ್ನು ಸುಧಾರಿಸಿದರು. ಇದರ ತಾತ್ಪರ್ಯವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ನೀರಿನ ಹೊರಗೆ ಪರೀಕ್ಷೆ ನಡೆಸಬೇಕಾದಾಗ ಫ್ರೂಡರು ನೀರನ್ನೇ ಬೇರೊಂದು ರೂಪದಲ್ಲಿ ಯಂತ್ರದ ಬಳಿಗೆ ತಂದರು. ಹೊರೆಯಿಲ್ಲದೆ ಅಳತೆಯಿಲ್ಲ ಎಂಬುದು ಅವರು ಕಂಡ ಸತ್ಯ.

ಅಂಥ ಉಪಕರಣ ದೊಡ್ಡ ಕಾರ್ಖಾನೆಗಳ ಸೊತ್ತು. ಒಬ್ಬ ಮೆಕ್ಯಾನಿಕ್ಕಿನ ಕೈಯಲ್ಲಿದ್ದುದು ನಲ್ಲಿಯ ನೀರಿನ ರಬ್ಬರು ಕೊಳವೆ. ಅದರಿಂದಲೇ ಒಂದು ಕ್ರಮ ರೂಪುಗೊಂಡಿತು. ಕೊಳವೆಯನ್ನು ತಂಪುನೀರಿನ ಮಾರ್ಗಕ್ಕೆ ಜೋಡಿಸಬೇಕು. ಪಂಪಿನ ಹಿಂಬದಿಯ ಬೇರಿಂಗು ತೇವವಾಗಿರುವಂತೆ ನೋಡಿಕೊಳ್ಳಬೇಕು. ಮೊದಲು ಎಂಜಿನನ್ನು ನಡೆಸಿ, ಆಮೇಲೆ ನೀರನ್ನು ಬಿಡಬೇಕು. ನಿಲ್ಲಿಸುವಾಗ ಮೊದಲು ನೀರನ್ನು ಕಟ್ಟಿ, ಆಮೇಲೆ ಎಂಜಿನನ್ನು ನಿಲ್ಲಿಸಬೇಕು. ಈ ಕ್ರಮಕ್ಕೆ ಬಲವಾದ ಕಾರಣವುಂಟು. ತಂಪುಗೊಳಿಸಿದ ನೀರು ಹೊಗೆಯ ಕೊಳವೆಯ ಮೂಲಕವೇ ಹೊರಬೀಳುವ ಎಂಜಿನುಗಳಲ್ಲಿ, ನೀರನ್ನು ಮುಂದೆ ನೂಕುವುದು ಹೊಗೆಯ ಒತ್ತಡ. ಎಂಜಿನು ನಿಂತಿದ್ದು ನೀರು ಮಾತ್ರ ಬರುತ್ತಿದ್ದರೆ ಅದು ಹಿಂದಕ್ಕೆ ಏರಿ ಸಿಲಿಂಡರನ್ನು ಹೊಗಬಹುದು. ನೀರು ಗಾಳಿಯಂತೆ ಕುಗ್ಗತಕ್ಕದ್ದಲ್ಲ. ಹಾಗೆ ಹೊಕ್ಕ ಎಂಜಿನನ್ನು ತಿರುಗಿಸಿದರೆ ಒಳಗಿನ ದಂಡಗಳು ಬಾಗುತ್ತವೆ, ಮುರಿಯಲೂಬಹುದು. ಮುಚ್ಚಿದ ಕೊಠಡಿಯಲ್ಲಿ ನಡೆಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಪ್ರಾಣಾಪಾಯವನ್ನು ತರುತ್ತದೆ. ದೋಣಿಯ ತಳದಲ್ಲಿ ಕೂಡಿದ ಪೆಟ್ರೋಲಿನ ಆವಿಯೂ, ತೆರೆದ ಕಂಡಿಯ ಮೇಲೆ ತಿರುಗುವ ಪಂಪಿನ ಚಕ್ರವೂ ಅಷ್ಟೇ ಎಚ್ಚರಿಕೆಯನ್ನು ಬೇಡುತ್ತವೆ.

ಇಷ್ಟು ಎಚ್ಚರಿಕೆಯಿಂದ ನಡೆಸಿದರೆ ದಡದ ಮೇಲೆ ತಿಳಿಯುವುದೇನು? ಎಂಜಿನು ಸುಲಭವಾಗಿ ಹತ್ತಿಕೊಳ್ಳುವುದೇ, ಎಣ್ಣೆಯ ಒತ್ತಡ ಸರಿಯಾಗಿದೆಯೇ, ನೀರು ಎಲ್ಲಿಯಾದರೂ ಸೋರುವುದೇ ಎಂಬುದು ತಿಳಿಯುತ್ತದೆ. ಕಿಡಿಯ ಆರಂಭದ ಟೈಮಿಂಗನ್ನು ಹೊಂದಿಸಬಹುದು. ಐಡ್ಲಿಂಗಿನ ವೇಗವನ್ನೂ ಆಗಿನ ಪೆಟ್ರೋಲು–ಗಾಳಿಯ ಮಿಶ್ರಣವನ್ನೂ ತಕ್ಕಮಟ್ಟಿಗೆ ಸರಿಪಡಿಸಬಹುದು. ತಿಳಿಯದಿರುವುದು ಇದಕ್ಕಿಂತ ಮುಖ್ಯವಾದುದು. ಪೂರ್ಣ ಹೊರೆಯಲ್ಲಿ ಕಾರ್ಬುರೇಟರಿನ ಮುಖ್ಯ ಜೆಟ್ಟು ಸಾಕಷ್ಟು ಪೆಟ್ರೋಲನ್ನು ಒದಗಿಸುವುದೇ, ಕಿಡಿ ತೀರ ಮುಂಚಿತವಾಗಿ ಹತ್ತಿ ಎಂಜಿನು ಕುಟ್ಟುವುದೇ, ದೀರ್ಘಕಾಲದ ಶ್ರಮದಲ್ಲಿ ಉಷ್ಣತೆ ಎಲ್ಲಿ ನಿಲ್ಲುವುದು ಎಂಬುದಕ್ಕೆ ಉತ್ತರ ನೀರಿನಲ್ಲಿಯೇ ದೊರೆಯಬೇಕು. ಅಷ್ಟೇ ಅಲ್ಲ, ದಡದಲ್ಲಿ ನಿರ್ದುಷ್ಟವಾಗಿ ಹೊಂದಿಸಿದ ಐಡ್ಲಿಂಗು ಕೂಡ ನೀರಿಗಿಳಿದೊಡನೆ ಪಂಪಿನ ಹೊರೆಯಿಂದ ಇಳಿಯುತ್ತದೆ. ಕೆಲವೊಮ್ಮೆ ಎಂಜಿನು ನಿಂತೇ ಹೋಗುತ್ತದೆ. ಮನೆಯಲ್ಲಿ ಶ್ರುತಿ ಮಾಡಿದ ವೀಣೆಯನ್ನು ಸಭೆಯಲ್ಲಿ ಮತ್ತೊಮ್ಮೆ ಶ್ರುತಿ ಮಾಡದೆ ನುಡಿಸಲು ತೊಡಗುವ ವೈಣಿಕರಿಲ್ಲ. ಈ ಎಂಜಿನಿನ ವಿಷಯವೂ ಅಂಥದೇ.

ಇದು ಕೇವಲ ಕಮ್ಮಟದ ಸೂಕ್ಷ್ಮವೆಂದು ತೋರಬಹುದು. ಆದರೆ ಈ ದೋಣಿಗಳು ಹೋದ ಸ್ಥಳಗಳನ್ನು ನೆನೆದರೆ ಅದರ ಗೌರವ ತಿಳಿಯುತ್ತದೆ. 1960ರಲ್ಲಿ ಹ್ಯಾಮಿಲ್ಟನ್ನರ ಮಗ ಜಾನ್ ಹ್ಯಾಮಿಲ್ಟನ್ ಮತ್ತು ಸಂಗಡಿಗರು ಕೊಲೊರಾಡೊ ನದಿಯಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ನಿನ ಭಯಂಕರವಾದ ರಭಸಗಳನ್ನು ಜೆಟ್ ದೋಣಿಗಳಲ್ಲಿ ಪ್ರವಾಹಕ್ಕೆದುರಾಗಿ ಏರಿದರು. 1977ರಲ್ಲಿ ಸರ್ ಎಡ್ಮಂಡ್ ಹಿಲರಿಯವರ ತಂಡ ಗಂಗಾಸಾಗರದಿಂದ ಹೊರಟು, ಗಂಗಾ, ಏರ್ ಇಂಡಿಯಾ, ಕಿವಿ ಎಂಬ ಮೂರು ಜೆಟ್ ದೋಣಿಗಳಲ್ಲಿ ನಮ್ಮ ಗಂಗೆಯ ಮೇಲ್ಮುಖವಾಗಿ ಸಾಗಿತು. ಹಿಮಾಲಯದ ನಂದಪ್ರಯಾಗದ ಬಳಿ ಜಲಪಾತವೊಂದು ಅಡ್ಡವಾಗುವವರೆಗೆ ಆ ಪ್ರಯಾಣ ನಡೆಯಿತು. ಇಂಥ ಕಣಿವೆಗಳಲ್ಲಿ ದೋಣಿಯನ್ನು ತಿರುಗಿಸುವ ಚುಕ್ಕಾಣಿಯೂ ಆ ಜಲಧಾರೆಯೇ. ಎಂಜಿನು ನಿಂತರೆ ಧಾರೆ ನಿಲ್ಲುತ್ತದೆ. ಧಾರೆ ನಿಂತರೆ ವೇಗದ ಜೊತೆಗೆ ದಿಕ್ಕೂ ತಪ್ಪುತ್ತದೆ. ರಭಸದ ನಡುವೆ ಅರೆನಿಮಿಷ ಕೆಮ್ಮಿದ ಎಂಜಿನು ದೋಣಿಯನ್ನು ಬಂಡೆಗೆ ಒಪ್ಪಿಸಬಲ್ಲದು. ಹೀಗಿರುವಲ್ಲಿ, ದಡದಲ್ಲಿ ಚೆನ್ನಾಗಿ ಓಡಿತೆಂಬ ಒಂದೇ ಸಾಕ್ಷ್ಯವನ್ನು ನಂಬಿ ನದಿಗೆ ಇಳಿಯುವುದು ಜೀವವನ್ನು ಪಣಕ್ಕೊಡ್ಡಿದಂತೆ.

ಇಂದು ಜಲಧಾರೆಯ ಪದ್ಧತಿ ಕ್ರೀಡೆಯ ದೋಣಿಗಳನ್ನು ಮೀರಿ ಬೆಳೆದಿದೆ. 2009ರಲ್ಲಿ ಭಾರತದ ನೌಕಾಪಡೆಯನ್ನು ಸೇರಿದ ಕಾರ್ ನಿಕೋಬಾರ್ ಮತ್ತು ಅದೇ ವರ್ಗದ ಕಾವಲು ನೌಕೆಗಳು ಈ ಪದ್ಧತಿಯಿಂದಲೇ ನಡೆಯುವಂಥವು. ಅಳೆಯುವ ಸಾಧನಗಳೂ ಬಹುವಾಗಿ ಸುಧಾರಿಸಿವೆ. ಆದರೂ ನೀರು ಒಡ್ಡುವ ಹೊರೆ, ನೀರು ಕೊಡುವ ತಂಪು, ನೀರೇ ಆಗಿರುವ ಎಣ್ಣೆ ಎಂಬ ಮೂರು ಸಂಗತಿಗಳು ಬದಲಾಗಿಲ್ಲ.

ಇದರಿಂದ ಚರಿತ್ರೆಯ ವಿದ್ಯಾರ್ಥಿ ಗ್ರಹಿಸಬೇಕಾದುದೇನು? ರಮ್ಸೆಯವರ ಕಾಲದಿಂದಲೂ ಜಲಧಾರೆಯ ತತ್ತ್ವ ತಿಳಿದೇ ಇತ್ತು. ಕೇವಲ ತತ್ತ್ವದಿಂದ ದೋಣಿ ನದಿಯನ್ನು ಏರಲಿಲ್ಲ. ತತ್ತ್ವವು ಕಬ್ಬಿಣ ರಬ್ಬರುಗಳಲ್ಲಿ ಮೈದಾಳಿ, ಅನುದಿನದ ಆರೈಕೆಯಲ್ಲಿ ಉಳಿದಾಗ ಮಾತ್ರ ಅದು ಚರಿತ್ರೆಯಾಗುತ್ತದೆ. ಆ ಆರೈಕೆಯನ್ನು ಮಾಡಿದವರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ. ಅವರು ಅನುಸರಿಸಿದ ಕ್ರಮ ಉಳಿದಿದೆ. ನಮ್ಮ ನಾಡಿನ ಏತ, ಗಾಣ, ಮಗ್ಗ, ನೀರೆತ್ತುವ ಪಂಪುಗಳ ಚರಿತ್ರೆಯನ್ನು ಬರೆಯಹೊರಡುವವರು ಅವು ಎಂದು ಬಂದವು ಎಂದು ಕೇಳುವುದರ ಜೊತೆಗೆ, ಕೆಟ್ಟಾಗ ಅವನ್ನು ಯಾರು, ಹೇಗೆ, ಎಲ್ಲಿ ಕೂತು ಸರಿಪಡಿಸುತ್ತಿದ್ದರು ಎಂದೂ ಕೇಳಬೇಕು. ಉತ್ತರವು ಗ್ರಂಥಗಳಲ್ಲಿ ದೊರೆಯದಿರುವಲ್ಲಿ ಕಮ್ಮಟಗಳಲ್ಲಿಯೂ ಗದ್ದೆಯ ಬದುಗಳಲ್ಲಿಯೂ ಅರಸಿ ಪಡೆಯತಕ್ಕದ್ದು. ಅಂಥ ಅನ್ವೇಷಣೆಗೆ ಈ ಕಿರುಬರಹ ಕೆಲವರನ್ನಾದರೂ ಪ್ರೇರಿಸಿದರೆ ನಮ್ಮ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.