ಟೊರಿ ಕ್ಯಾನ್ಯನ್: ಮದ್ದೇ ರೋಗವಾದ ಕಥೆ

1967ರ ಮಾರ್ಚ್ 18ರಂದು, ಕುವೈತಿನ ಕಚ್ಚಾ ತೈಲ ಹೊತ್ತು ವೇಲ್ಸ್‌ನ ಮಿಲ್ಫರ್ಡ್ ಹೇವನ್ ಬಂದರಿನತ್ತ ಸಾಗುತ್ತಿದ್ದ ಟೊರಿ ಕ್ಯಾನ್ಯನ್ ಎಂಬ ಟ್ಯಾಂಕರ್, ಕಾರ್ನ್‌ವಾಲ್ ಮತ್ತು ಸಿಲಿ ದ್ವೀಪಗಳ ನಡುವಿನ ಸೆವೆನ್ ಸ್ಟೋನ್ಸ್ ಬಂಡೆಸಾಲಿಗೆ ಬಡಿಯಿತು. ಅದರೊಳಗಿದ್ದದ್ದು ಸುಮಾರು 1,19,000 ಟನ್ ತೈಲ. ಅಷ್ಟು ದೊಡ್ಡ ಟ್ಯಾಂಕರ್ ಒಡೆದದ್ದನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಉಳಿದ ತೈಲವನ್ನು ಸುಡಲು ಬ್ರಿಟನ್ ತನ್ನ ಯುದ್ಧವಿಮಾನಗಳಿಂದ ಬಾಂಬು ಹಾಕಿಸಿತಾದರೂ ಅದು ನಿಜವಾಗಿ ನಂಬಿದ್ದು ಡಿಟರ್ಜೆಂಟನ್ನು. ಕಡಲಲ್ಲಿ ಹಡಗುಗಳು, ದಡದಲ್ಲಿ ಸೈನಿಕರು ಸೇರಿ ಸುಮಾರು 10,000 ಟನ್ ಸುರಿದರು. ಈಸ್ಟರ್ ರಜೆ ಹೊಸ್ತಿಲಲ್ಲಿತ್ತು, ಮರಳದಂಡೆ ನಂಬಿ ಬದುಕುವ ಊರುಗಳವು; ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ರಜಾಮನೆಯೂ ಸಿಲಿಯಲ್ಲೇ ಇತ್ತು. ಕಣ್ಣಿಗೆ ಬೀಳುವ ಕಪ್ಪು ಬೇಗ ಮಾಯವಾಗಬೇಕೆಂಬ ಆತುರ ಅರ್ಥವಾಗುವಂಥದ್ದೇ. ಆದರೆ ಈ ರಾಸಾಯನಿಕ ತೈಲವನ್ನು ಇಲ್ಲವಾಗಿಸುವುದಿಲ್ಲ. ಸಣ್ಣ ಹನಿಗಳಾಗಿ ಒಡೆದು ನೀರಿನೊಳಕ್ಕೆ ಇಳಿಸುತ್ತದೆ, ಅಷ್ಟೆ. ಮೇಲಿನವರ ಕಷ್ಟ ಕೆಳಗಿನವರಿಗೆ ವರ್ಗಾವಣೆಯಾಗುತ್ತದೆ.

ಆ ಕೆಳಗಿನವರು ಯಾರೆಂದು ತೋರಿಸಿಕೊಟ್ಟವರು ಪ್ಲಿಮತ್‌ನ ಕಡಲಜೀವಿ ಪ್ರಯೋಗಾಲಯದ ವಿಜ್ಞಾನಿಗಳು. ಬಂಡೆಗೆ ಕಚ್ಚಿಕೊಂಡು ಪಾಚಿ ಮೇಯುವ ಲಿಂಪೆಟ್ ಎಂಬ ಚಿಪ್ಪುಜೀವಿ ತೈಲ ಮೆತ್ತಿದ ಬಂಡೆಯ ಮೇಲೂ ಬದುಕಿತ್ತು. ಪಾಚಿಯ ಜೊತೆ ತೈಲವನ್ನೂ ಕೆರೆದು ನುಂಗುತ್ತಿತ್ತು. ಡಿಟರ್ಜೆಂಟ್ ಬಿದ್ದಲ್ಲಿ ಮಾತ್ರ ಅದು ರಾಶಿರಾಶಿಯಾಗಿ ಸತ್ತಿತು. ಮೇಯುವವರಿಲ್ಲದೆ ಬಂಡೆಗಳ ಮೇಲೆ ಹಸಿರು ಪಾಚಿ ಹಬ್ಬಿತು, ಅದರ ಹಿಂದೆ ಕಂದು ಕಡಲಪಾಚಿ ದಟ್ಟವಾಗಿ ಬೆಳೆಯಿತು. ಗಾಡ್ರೆವಿ ಎಂಬಲ್ಲಿ ಸೀಲ್‌ಗಳಿಗೆ ತೊಂದರೆಯಾದೀತೆಂದು ಸಿಂಪಡಣೆಯನ್ನು ಕೈಬಿಟ್ಟಿದ್ದರು. ಆ ದಡ ಎರಡು-ಮೂರು ವರ್ಷಗಳಲ್ಲಿ ಚೇತರಿಸಿಕೊಂಡಿತು. ಹೆಚ್ಚು ಸಿಂಪಡಿಸಿದ ದಡಗಳಿಗೆ ಹತ್ತು ವರ್ಷವೂ ಸಾಲಲಿಲ್ಲ. ಯಾರೂ ಯೋಜಿಸದ ಈ ಹೋಲಿಕೆಗಿಂತ ಬಲವಾದ ಸಾಕ್ಷ್ಯ ಬೇರೆ ಬೇಕಿಲ್ಲ.

ಅಂದಿನ ಡಿಟರ್ಜೆಂಟಿನ ದ್ರಾವಕವೇ ವಿಷ, ಇಂದಿನವು ಹಾಗಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ತೆರೆದ ಕಡಲಲ್ಲಿ ತೇಲುವ ತೈಲ ಹಕ್ಕಿಗಳನ್ನು ಕೊಲ್ಲುವುದೂ ನಿಜ. 1996ರಲ್ಲಿ ಅದೇ ಮಿಲ್ಫರ್ಡ್ ಹೇವನ್ ಬಾಗಿಲಲ್ಲಿ ಸೀ ಎಂಪ್ರೆಸ್ ಎಂಬ ಟ್ಯಾಂಕರ್ ಸುಮಾರು 72,000 ಟನ್ ತೈಲ ಚೆಲ್ಲಿದಾಗ ವಿಮಾನಗಳು ಕಡಲ ಮೇಲೆಯೇ ಡಿಸ್ಪರ್ಸೆಂಟ್, ಅಂದರೆ ತೈಲವನ್ನು ಚದುರಿಸುವ ರಾಸಾಯನಿಕ, ಸಿಂಪಡಿಸಿದವು. ದಡ ಮುಟ್ಟುವ ತೈಲ ಅದರಿಂದ ಬಹಳ ತಗ್ಗಿತು. ಆದರೆ ಇದು ನನ್ನ ವಾದವನ್ನು ಕೆಡವುವುದಿಲ್ಲ, ಮೊನಚುಗೊಳಿಸುತ್ತದೆ. ಆಳದ, ಕದಡುವ ನೀರಿನಲ್ಲಿ ಹನಿಗಳು ಚದುರಿ ತೆಳುವಾಗುತ್ತವೆ, ಬ್ಯಾಕ್ಟೀರಿಯಾಗಳಿಗೆ ದಕ್ಕುತ್ತವೆ. ಬಂಡೆಯ ಸಂದಿಯಲ್ಲಿ ಅದಕ್ಕೆ ಎಡೆಯೇ ಇಲ್ಲ. 1967ರ ತಪ್ಪು ಬರೀ ರಸಾಯನದ್ದಾಗಿದ್ದರೆ ಹೊಸ ಡಬ್ಬಿ ತಂದರೆ ಸಾಕಿತ್ತು. ಬ್ರಿಟನ್ ಅಷ್ಟಕ್ಕೇ ನಿಲ್ಲಲಿಲ್ಲ: 20 ಮೀಟರಿಗಿಂತ ಕಡಿಮೆ ಆಳದಲ್ಲಿ ವಿಶೇಷ ಅನುಮತಿಯಿಲ್ಲದೆ ಡಿಸ್ಪರ್ಸೆಂಟ್ ಬಳಸುವಂತಿಲ್ಲವೆಂದಿತು. ಬಂಡೆದಡಕ್ಕೆಂದು ಹೊಸ ಡಿಸ್ಪರ್ಸೆಂಟಿಗೆ ಒಪ್ಪಿಗೆ ಕೊಡುವ ಮುನ್ನ ಅದನ್ನು ಲಿಂಪೆಟ್‌ಗಳ ಮೇಲೆ ಪರೀಕ್ಷಿಸುವ ಕ್ರಮವನ್ನೂ ತಂದಿತು.