ಭಾರ ಬೇಡುವ ಮೂಳೆ

ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುತ್ತದೆ. ಭಾರ ಎತ್ತಬೇಡಿ, ಕುಣಿಯಬೇಡಿ, ಬೆಳಗ್ಗೆ ವಾಕಿಂಗ್ ಮಾಡಿದರೆ ಸಾಕು. ವಯಸ್ಸಾದ ಹೆಂಗಸರಿಗೆ ವೈದ್ಯರೂ ಮನೆಯವರೂ ಬಹುಕಾಲ ಹೇಳಿಕೊಂಡು ಬಂದದ್ದು ಇದನ್ನೇ. ಈ ಬುದ್ಧಿಮಾತಿನ ಬಹುಪಾಲು ಹುಟ್ಟಿದ್ದು ಮೂಳೆ ಮುರಿದೀತೆಂಬ ಭಯದಿಂದ, ಪ್ರಯೋಗದಿಂದಲ್ಲ.

ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವುಲ್ಫ್ 1892ರಲ್ಲೇ ವಾದಿಸಿದ್ದ. 1977ರಲ್ಲಿ ವೃತ್ತಿಪರ ಟೆನಿಸ್ ಆಟಗಾರರ ಎಕ್ಸ್‌ರೇಗಳು ಅದಕ್ಕೆ ಒಳ್ಳೆಯ ಪುರಾವೆ ಒದಗಿಸಿದವು. ರಾಕೆಟ್ ಹಿಡಿಯುವ ತೋಳಿನ ಮೂಳೆಯ ಹೊರಪದರ ಇನ್ನೊಂದು ತೋಳಿನದಕ್ಕಿಂತ ಗಂಡಸರಲ್ಲಿ ಸುಮಾರು ಶೇ. 35, ಹೆಂಗಸರಲ್ಲಿ ಶೇ. 28ರಷ್ಟು ದಪ್ಪವಾಗಿತ್ತು. ದೇಹ ಅದೇ, ಊಟ ಅದೇ, ಹಾರ್ಮೋನು ಅದೇ. ಬೇರೆಯಾದದ್ದು ಕೆಲಸ ಮಾತ್ರ.

ಎಷ್ಟು ಕೆಲಸ? 1984ರಲ್ಲಿ ಸಂಶೋಧಕರಾದ ರೂಬಿನ್ ಮತ್ತು ಲ್ಯಾನ್ಯನ್ ಪಕ್ಷಿಗಳ ರೆಕ್ಕೆಯ ಮೂಳೆಯನ್ನು ಯಂತ್ರದಿಂದ ಒತ್ತಿ ನೋಡಿದರು. ದಿನಕ್ಕೆ 36 ಸಲ ಒತ್ತಿದಾಗ ಮೂಳೆ ಬೆಳೆಯಿತು. 1,800 ಸಲ ಒತ್ತಿದರೂ ಅದಕ್ಕಿಂತ ಹೆಚ್ಚು ಬೆಳೆಯಲಿಲ್ಲ. ಒಂದು ಮಿತಿ ದಾಟಿದ ಮೇಲೆ ಬರಿಯ ಎಣಿಕೆ ಹೆಚ್ಚಿಸಿ ಪ್ರಯೋಜನವಿಲ್ಲ. ಗಂಟೆಗಟ್ಟಲೆಯ ಸಾಧಾರಣ ನಡಿಗೆ ಮೂಳೆಯ ಸಾಂದ್ರತೆಯನ್ನು ಅಷ್ಟಾಗಿ ಏರಿಸದಿರುವುದೇಕೆ ಎಂಬುದರ ಸುಳಿವು ಇಲ್ಲಿದೆ.

ಮನುಷ್ಯರ ಮೇಲಿನ ಒಂದು ಮುಖ್ಯ ಪ್ರಯೋಗ ಪ್ರಕಟವಾದದ್ದು 1994ರಲ್ಲಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಮಿರಿಯಮ್ ನೆಲ್ಸನ್ ಮುಟ್ಟು ನಿಂತ, 50ರಿಂದ 70 ವಯಸ್ಸಿನ ಮಹಿಳೆಯರಿಂದ ವಾರಕ್ಕೆ ಎರಡು ದಿನ ಭಾರ ಎತ್ತಿಸಿದರು. ವರ್ಷ ಕಳೆಯುವಷ್ಟರಲ್ಲಿ ಅವರ ತೊಡೆಮೂಳೆಯ ಕುತ್ತಿಗೆಯ ಸಾಂದ್ರತೆ ಶೇ. 0.9 ಏರಿತ್ತು, ಸುಮ್ಮನಿದ್ದವರದು ಶೇ. 2.5 ಇಳಿದಿತ್ತು. ಆದರೆ 1998ರಲ್ಲಿ ಬ್ರಿಟನ್ನಿನ ಜೋನ್ ಬ್ಯಾಸಿ ಮಹಿಳೆಯರನ್ನು ದಿನಕ್ಕೆ 50 ಸಲ ಜಿಗಿಸಿ ನೋಡಿದಾಗ ಮುಟ್ಟು ನಿಲ್ಲದವರಿಗಷ್ಟೇ ಲಾಭವಾಯಿತು. ಮುಟ್ಟು ನಿಂತು ಈಸ್ಟ್ರೋಜನ್ ಹಾರ್ಮೋನು ಇಳಿದ ಮೇಲೆ ಬರಿಯ ಜಿಗಿತ ಸಾಲದು.

ಭಾರ ಎತ್ತುವ ಆ ಹಳೆಯ ಭಯವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ್ದು ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ತಂಡದ ‘ಲಿಫ್ಟ್‌ಮೋರ್’ ಪ್ರಯೋಗ. ಮೂಳೆ ಸಾಂದ್ರತೆ ಕಡಿಮೆಯಿದ್ದ, ಸರಾಸರಿ 65 ವಯಸ್ಸಿನ 101 ಮಹಿಳೆಯರು ಅದರಲ್ಲಿದ್ದರು. ಒಂದು ಗುಂಪಿಗೆ ಎಂಟು ತಿಂಗಳು, ವಾರಕ್ಕೆ ಎರಡು ಸಲ, ಅರ್ಧ ಗಂಟೆ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು), ತಲೆಯ ಮೇಲೆ ಭಾರ ಎತ್ತುವುದು, ಜಿಗಿದು ದೊಪ್ಪನೆ ಇಳಿಯುವುದು. ಭಾರವೋ, ಅವರು ಒಮ್ಮೆ ಎತ್ತಬಲ್ಲ ಗರಿಷ್ಠದ ಶೇ. 80ಕ್ಕೂ ಹೆಚ್ಚು! ಇನ್ನೊಂದು ಗುಂಪಿಗೆ ಮನೆಯಲ್ಲೇ ನಡಿಗೆ, ಹಗುರ ವ್ಯಾಯಾಮ, ಅಂದರೆ ನಮ್ಮ ಹಳೆಯ ಬುದ್ಧಿಮಾತು. ಮೊದಲನೆಯವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ. 2.9 ಏರಿತು, ಎರಡನೆಯವರದು ಶೇ. 1.2 ಕುಸಿಯಿತು. ಭಾರ ಎತ್ತಿದವರಲ್ಲಿ ದಾಖಲಾದ ತೊಂದರೆ ಒಂದೇ, ಸಣ್ಣ ಬೆನ್ನು ಸೆಳೆತ. 2018ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಈ ಕ್ಷೇತ್ರದ ದೊಡ್ಡ ತಿರುವು ಎಂಬುದು ನನ್ನ ಅನಿಸಿಕೆ.

ಹಾಗೆಂದು ವಾಕಿಂಗ್ ವ್ಯರ್ಥವಲ್ಲ. 61,200 ಅಮೆರಿಕನ್ ನರ್ಸ್‌ಗಳ ಅಧ್ಯಯನದಲ್ಲಿ ವಾರಕ್ಕೆ ನಾಲ್ಕು ಗಂಟೆ ನಡೆದವರಿಗೆ ಸೊಂಟದ ಮುರಿತದ ಅಪಾಯ ಶೇ. 41 ಕಡಿಮೆಯಿತ್ತು. ಕಾಲಿನ ಬಲ, ಸಮತೋಲನ ಹೆಚ್ಚಿದರೆ ಬೀಳುವುದು ಕಡಿಮೆಯಾಗುತ್ತದೆ. ಲಿಫ್ಟ್‌ಮೋರ್ ಅಳೆದದ್ದು ಸಾಂದ್ರತೆಯನ್ನು. ಮುರಿತಗಳನ್ನು ಲೆಕ್ಕ ಹಾಕುವಷ್ಟು ದೊಡ್ಡ ಪ್ರಯೋಗ ಅದಲ್ಲ.

ಲಿಫ್ಟ್‌ಮೋರ್‌ನಲ್ಲಿ ಭಾರ ಎತ್ತಿದ ಮಹಿಳೆಯರು ಮೊದಲ ತಿಂಗಳು ಹಗುರ ಭಾರದಲ್ಲಿ ಭಂಗಿ ಕಲಿತರು, ತರಬೇತುದಾರರ ಕಣ್ಣೆದುರಿಗೇ ಎತ್ತಿದರು. ಆದ್ದರಿಂದ ಮೊದಲು ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಬೆನ್ನುಮೂಳೆಯಲ್ಲಿ ಹಳೆಯ ಮುರಿತವಿದೆಯೇ ಎಂದು ವೈದ್ಯರಲ್ಲಿ ಕೇಳಿ, ಬಲ್ಲವರ ಕೈಕೆಳಗೆ ಶುರುಮಾಡಿ. ಯೂಟ್ಯೂಬ್ ನೋಡಿ ಬಾರ್ಬೆಲ್‌ಗೆ ಕೈಹಾಕಬೇಡಿ.