ಎಪ್ಪತ್ತೈದು ಸೆಂಟಿನ ಲೆಕ್ಕ

ಸಿಸ್ಟಂ ಅಡ್ಮಿನ್ ಆಗಿರುವ ಗೆಳೆಯನೊಬ್ಬ ಈಗ ಮಾಹಿತಿ ಭದ್ರತೆಯ ಕೆಲಸಕ್ಕೆ ಹೋಗಬೇಕೆಂದು ಪರೀಕ್ಷೆಗೆ ಓದುತ್ತಿದ್ದಾನೆ. ಎರಡೂ ಬೇರೆ ಬೇರೆ ಲೋಕಗಳೆಂಬಂತೆ ಅವನು ಮಾತಾಡಿದಾಗಲೆಲ್ಲ ನನಗೆ 1986ರ ಬರ್ಕ್ಲಿ ನೆನಪಾಗುತ್ತದೆ.

ಕ್ಲಿಫರ್ಡ್ ಸ್ಟಾಲ್ ಖಗೋಳಶಾಸ್ತ್ರಜ್ಞ. ಸಂಶೋಧನೆಯ ಹಣ ಮುಗಿದದ್ದರಿಂದ ಅವನನ್ನು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ಕೇಂದ್ರಕ್ಕೆ ಕಳಿಸಿದರು. (ಫೆಲೋಶಿಪ್ ಮುಗಿಯುವ ದಿನ ಎಣಿಸುವ ನನಗೆ ಈ ವಿವರ ತುಸು ಹೆಚ್ಚೇ ತಾಗುತ್ತದೆ.) ಅಲ್ಲಿ ಕಂಪ್ಯೂಟರ್ ಬಳಸಿದ ಸಮಯಕ್ಕೆ ದುಡ್ಡು ಕೊಡಬೇಕಿತ್ತು. ಅದರ ಲೆಕ್ಕ ಇಡಲು ಎರಡು ಪ್ರೋಗ್ರಾಂಗಳಿದ್ದವು. ಆಗಸ್ಟ್‌ನಲ್ಲಿ ಎರಡರ ಮೊತ್ತಕ್ಕೂ 75 ಸೆಂಟ್ ವ್ಯತ್ಯಾಸ ಬಂತು. ಹೊಸಬನಿಗೆ ಸಿಕ್ಕ ಕೆಲಸ ಅದನ್ನು ಸರಿಪಡಿಸುವುದು. ಹುಡುಕುತ್ತಾ ಹೋದರೆ, ಬಿಲ್ ಕಳಿಸಲು ವಿಳಾಸವೇ ಇಲ್ಲದ ಬಳಕೆದಾರನೊಬ್ಬ ಸಿಕ್ಕ.

ಒಳಹೊಕ್ಕವನ ದಾರಿ ಈಮ್ಯಾಕ್ಸ್ ಎಂಬ ಸಂಪಾದಕ ತಂತ್ರಾಂಶದ್ದು. ಅಂಚೆ ಸಾಗಿಸಲೆಂದು ಅದರಲ್ಲಿದ್ದ ಭಾಗಕ್ಕೆ ಅಲ್ಲಿ ಮಿತಿಮೀರಿದ ಅಧಿಕಾರ ಕೊಟ್ಟಿದ್ದರು. ಅದರ ಮೂಲಕ ಅವನು ತನ್ನದೊಂದು ಕಡತವನ್ನು ವ್ಯವಸ್ಥೆಯ ಜಾಗದಲ್ಲಿ ಇಟ್ಟ, ವ್ಯವಸ್ಥೆ ಅದನ್ನು ತನ್ನದೆಂದೇ ನಡೆಸಿತು. ಕಾಗೆಯ ಗೂಡಿನ ಕೋಗಿಲೆ ಮೊಟ್ಟೆ ನಮಗೇನು ಹೊಸದಲ್ಲ. ಸ್ಟಾಲ್ 1989ರಲ್ಲಿ ಬರೆದ ಪುಸ್ತಕದ ಹೆಸರೂ ಅದೇ, 'ದ ಕುಕೂಸ್ ಎಗ್'.

ಸ್ಟಾಲ್ ಮಾಡಿದ್ದಾದರೂ ಏನು? ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜುಗಳಿಂದ ಟರ್ಮಿನಲ್, ಪ್ರಿಂಟರ್‌ಗಳನ್ನು ಹೊತ್ತು ತಂದು ಒಳಬರುವ ಫೋನ್ ಲೈನುಗಳಿಗೆ ಜೋಡಿಸಿದ; ಕಳ್ಳ ಒತ್ತಿದ ಒಂದೊಂದು ಕೀಲಿಯೂ ಕಾಗದದ ಮೇಲೆ ಮೂಡುವಂತೆ ಮಾಡಿದ. ನಕ್ಷತ್ರ ನೋಡುವವರ ಅಭ್ಯಾಸದಂತೆ ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟ. ಎಫ್‌ಬಿಐಗೆ ಹೇಳಿದರೆ, ನಷ್ಟ ಮುಕ್ಕಾಲು ಡಾಲರ್ ತಾನೇ ಎಂದು ಅವರು ಆಸಕ್ತಿ ತೋರಲಿಲ್ಲ. ಕಳ್ಳ ಮಾತ್ರ ಸೇನೆಯ ಕಂಪ್ಯೂಟರ್‌ಗಳನ್ನು ತಡಕುತ್ತಿದ್ದ. ಕೊನೆಗೆ ಸ್ಟಾಲ್ ಕ್ಷಿಪಣಿ ರಕ್ಷಣಾ ಯೋಜನೆಯ ಸುಳ್ಳು ಕಡತಗಳನ್ನು ಸೃಷ್ಟಿಸಿಟ್ಟ. ಅವನ್ನು ಓದುತ್ತ ಕಳ್ಳ ಲೈನಿನಲ್ಲಿ ಹೆಚ್ಚು ಹೊತ್ತು ಕೂತ. ಜಾಡು ಜರ್ಮನಿಯ ಹ್ಯಾನೋವರ್‌ನ ಮಾರ್ಕುಸ್ ಹೆಸ್‌ನ ಮನೆಗೆ ಮುಟ್ಟಿತು. ಕದ್ದ ಮಾಹಿತಿ ಕೆಜಿಬಿಗೆ ಮಾರಾಟವಾಗುತ್ತಿತ್ತು.

ಇಷ್ಟರಲ್ಲಿ ಎಲ್ಲಿಯೂ ಭದ್ರತಾ ತಜ್ಞ ಎಂಬ ಹುದ್ದೆ ಇಲ್ಲ. ಇದ್ದದ್ದು ಲೆಕ್ಕ, ಲಾಗ್, ಅನುಮತಿಗಳು, ಅಂದರೆ ಅಡ್ಮಿನ್‌ನ ದಿನನಿತ್ಯದ ಕೆಲಸ. ಹುದ್ದೆಗಳು ಬಂದದ್ದು ಆಮೇಲೆ, ಪೆಟ್ಟು ಬಿದ್ದ ಮೇಲೆ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಹರಡಿತು. ಅದೇ ತಿಂಗಳು ಕಾರ್ನೆಗಿ ಮೆಲನ್‌ನಲ್ಲಿ ಸರ್ಟ್ ಎಂಬ ತುರ್ತು ಕೇಂದ್ರ ಶುರುವಾಯಿತು. ರಷ್ಯಾದಲ್ಲಿ ಕೂತವನೊಬ್ಬ ಸಿಟಿಬ್ಯಾಂಕಿನಿಂದ ಹಣ ಸಾಗಿಸಿದ ಮೇಲೆ, 1995ರಲ್ಲಿ, ಸ್ಟೀವ್ ಕಾಟ್ಜ್ ಅಲ್ಲಿ ಮುಖ್ಯ ಮಾಹಿತಿ ಭದ್ರತಾ ಅಧಿಕಾರಿಯಾದರು. ಆ ಪದನಾಮ ಪಡೆದ ಮೊದಲಿಗರೆಂದು ಅವರನ್ನೇ ಹೇಳುತ್ತಾರೆ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. 'ಸರಿ ಕಣೋ, ಆ ಸ್ಟಾಲ್ ಆಮೇಲೆ ಯಾವ ಕಂಪನಿ ಸೇರಿದ?' ಎಂದ. ಗಾಜಿನ ಕ್ಲೈನ್ ಬಾಟಲಿ ಮಾರುತ್ತಾನಂತೆ, ಮನೆಯ ಅಡಿಯಲ್ಲೇ ಅದರ ಗೋದಾಮು ಎಂದೆ. ಅವನು ನಂಬಲಿಲ್ಲ.